ಕಿವಿಯಿಂದ ಆಡುವ ಆಟಕ್ಕೆ ಕೋಡ್ ಬರೆಯೋರು ಎಲ್ಲಿ?

ತಿಂಥಣಿ (ಸುರಪುರ): ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಮೌನೇಶ್ವರ ಜಾತ್ರೆಗೆ ಬಂದ ಮಂದಿ ವಾಪಸ್ ಹೋಗುವಾಗ ಬೆಂಡು-ಬತ್ತಾಸಿನ ಜೊತೆಗೆ ಮಕ್ಕಳಿಗೊಂದು ಆಟಿಗಿ ಸಾಮಾನು ಒಯ್ಯೋದು ರೂಢಿ. ಮೊದಲೆಲ್ಲ ಗಿಲಕಿ, ಪೀಪಿ, ತುತ್ತೂರಿ ಇರುತ್ತಿದ್ದವು. ಈಗ ಸೆಲ್ ಹಾಕೋ ಆಟಿಗಿಗಳದ್ದೇ ದರ್ಬಾರು. ಗುಂಡಿ ಒತ್ತಿದರೆ ಬಣ್ಣದ ಬೆಳಕು, ಜೊತೆಗೊಂದು ಹಾಡು, ಪ್ರಾಣಿಯ ಕೂಗು, ಇಲ್ಲವೇ ಗಾಡಿಯ ಹಾರ್ನು. ಕಣ್ಣು ಕಾಣೋ ಮಗುವಿಗೆ ಬೆಳಕೇ ಮುಖ್ಯ, ಸದ್ದು ಕೊಸರು. ಕಣ್ಣು ಕಾಣದ ಮಗುವಿಗೆ ಸದ್ದೇ ಇಡೀ ಆಟ.

ಈ ಸದ್ದಿನ ಆಟವನ್ನು ಮೊಬೈಲ್‌ಗೆ ತರಬಹುದು. ಪರದೆ ನೋಡುವ ಅಗತ್ಯವೇ ಇಲ್ಲದೆ, ಬರೀ ಕಿವಿಯಿಂದ ಕೇಳಿ, ಬೆರಳಿನಿಂದ ಉತ್ತರ ಕೊಟ್ಟು ಆಡುವ ಆಟಗಳಿಗೆ ಆಡಿಯೋ ಗೇಮ್ ಅನ್ನುತ್ತಾರೆ. ಜಗತ್ತಿನಲ್ಲಿ ಇವು ಹೊಸದೇನಲ್ಲ. ಆದರೆ ಕನ್ನಡದಲ್ಲಿ ಮಾತಾಡುವ, ಈ ಭಾಗದ ಮಗುವಿಗೆ ಪರಿಚಯದ ಸದ್ದುಗಳಿರುವ ಆಟ ಬೇಕೆಂದರೆ ಸಿಗೋದು ಕಷ್ಟ. ಕಲ್ಪನೆಗೆ ಬರವಿಲ್ಲ, ಸದ್ದಿಗೂ ಬರವಿಲ್ಲ. ಸಿಗದೇ ಇರೋದು ಕೋಡ್ ಬರೆಯುವ ಒಬ್ಬ ಪ್ರೋಗ್ರಾಮರ್. ಐಟಿ ರಾಜಧಾನಿ ಇರುವ ರಾಜ್ಯದಲ್ಲಿ ಇದಕ್ಕೊಬ್ಬರು ಸಿಗುವುದಿಲ್ಲವೆಂದರೆ ಕಾರಣ ಎಲ್ಲಿದೆ? ಹುಡುಕುತ್ತಾ ಹೋದರೆ ಉತ್ತರ ಕಂಪನಿಗಳಲ್ಲಿ ಸಿಗೋದಿಲ್ಲ, ಶಾಲೆಯ ಎಂಟನೇ-ಒಂಬತ್ತನೇ ಕ್ಲಾಸಿನಲ್ಲಿ ಸಿಗುತ್ತದೆ.

ಈಗ್ಯಾಕೆ ಈ ಮಾತು?

ಕಳೆದ ಕೆಲವು ವರ್ಷಗಳಲ್ಲಿ ಮೂರು ಬೆಳವಣಿಗೆಗಳು ಈ ವಿಷಯವನ್ನು ಮುನ್ನೆಲೆಗೆ ತಂದಿವೆ.

ಒಂದು, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ. ಹಣ ಕಟ್ಟಿ ಆಡುವ ಆಟಗಳಿಗೆ ನಿಷೇಧ ಬಿತ್ತು ಅನ್ನೋದಷ್ಟೇ ದೊಡ್ಡ ಸುದ್ದಿಯಾಯಿತು. ಆ ಕಾಯ್ದೆಯ ಹೆಸರಿನಲ್ಲೇ ನಿಯಂತ್ರಣಕ್ಕಿಂತ ಮೊದಲು ‘ಉತ್ತೇಜನ’ ಅನ್ನೋ ಪದ ಇದೆ. ಮನರಂಜನೆಯ, ಕಲಿಕೆಯ ಆಟಗಳನ್ನು ಸರ್ಕಾರ ಬೆಳೆಸಬಹುದು ಅಂತ ಕಾಯ್ದೆ ಹೇಳುತ್ತದೆ. ದುಡ್ಡು ಕಳಕೊಳ್ಳುವ ಆಟ ಹೋಯಿತು ಸರಿ, ಅದರ ಜಾಗಕ್ಕೆ ಯಾವ ಆಟ ಬರಬೇಕು ಅನ್ನೋ ಚರ್ಚೆ ಮಾತ್ರ ಜಿಲ್ಲೆಗಳ ಮಟ್ಟದಲ್ಲಿ ಶುರುವೇ ಆಗಿಲ್ಲ.

ಎರಡು, ಸುಪ್ರೀಂ ಕೋರ್ಟ್. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಕೋರ್ಟ್, ಡಿಜಿಟಲ್ ಸೇವೆ ಎಲ್ಲರ ಕೈಗೆ ಎಟುಕಬೇಕಾದ್ದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಸ್ಪಷ್ಟಪಡಿಸಿತು. ಅದು ಬ್ಯಾಂಕಿನ ಕೆವೈಸಿ ಕುರಿತ ಪ್ರಕರಣ ನಿಜ. ಆದರೆ ತತ್ವ ಮೊಬೈಲ್‌ನ ಎಲ್ಲ ಕೆಲಸಕ್ಕೂ ಹೊಂದುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 43ನೇ ಕಲಂ ಇನ್ನೂ ಮುಂದೆ ಹೋಗಿ, ದಿನಬಳಕೆಯ ಸಾಮಾನುಗಳು ಅಂಗವಿಕಲರೂ ಬಳಸುವಂತೆ ತಯಾರಾಗಲು ಸರ್ಕಾರ ಪ್ರೋತ್ಸಾಹ ಕೊಡಬೇಕು ಅನ್ನುತ್ತದೆ. ಮಗುವಿನ ದಿನಬಳಕೆಯ ಸಾಮಾನು ಆಟಿಗಿಯಲ್ಲದೆ ಇನ್ನೇನು?

ಮೂರು, ಕ್ರಿಕೆಟ್. 2025ರ ನವೆಂಬರ್‌ನಲ್ಲಿ ನಡೆದ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಕೊಲಂಬೊದಲ್ಲಿ ಗೆದ್ದಿತು. ನಾಯಕಿ ಟಿ.ಸಿ. ದೀಪಿಕಾ ಕರ್ನಾಟಕದವರು. ಆ ಆಟದ ಗುಟ್ಟು ಚೆಂಡಿನೊಳಗೆ ಇದೆ. ಗಟ್ಟಿ ಪ್ಲಾಸ್ಟಿಕ್ ಚೆಂಡಿನಲ್ಲಿ ಸಣ್ಣ ಉಕ್ಕಿನ ಗುಂಡು ಹಾಕಿರುತ್ತಾರೆ, ಉರುಳಿದರೆ ಗಿಲಗಿಲ ಸದ್ದು ಬರುತ್ತದೆ. ಒಂಥರಾ ಜಾತ್ರೆಯ ಗಿಲಕಿಯೇ ಅದು. ಚೆಂಡಿಗೆ ಸದ್ದು ಕೊಟ್ಟರು, ನಿಯಮ ತುಸು ಬದಲಿಸಿದರು. ಹಳ್ಳಿಯ ಹುಡುಗಿಯರು ವಿಶ್ವಕಪ್ ತಂದರು.

ಆಟಿಗಿಯಿಂದ ಹುಟ್ಟಿದ ವಿದ್ಯೆ

ಎಲೆಕ್ಟ್ರಾನಿಕ್ ಆಟಿಗಿಯನ್ನು ಆಡಿಯೋ ಗೇಮ್ ಮಾಡೋದು ಯಾಕೆ ಸುಲಭ ಅಂತ ತಿಳಿಯಲು ಮೂರು ಹಳೆಯ ಆಟಿಗಿಗಳನ್ನು ನೋಡಿದರೆ ಸಾಕು.

1978ರಲ್ಲಿ ಅಮೆರಿಕದಲ್ಲಿ ‘ಸೈಮನ್’ ಬಂತು. ದುಂಡನೆಯ ಡಬ್ಬಿ, ನಾಲ್ಕು ಬಣ್ಣದ ಗುಂಡಿ, ಒಂದೊಂದಕ್ಕೆ ಒಂದೊಂದು ಸ್ವರ. ಯಂತ್ರ ಒಂದು ಸ್ವರ ನುಡಿಸುತ್ತದೆ, ಮಗು ಅದೇ ಗುಂಡಿ ಒತ್ತಬೇಕು. ಆಮೇಲೆ ಎರಡು, ಆಮೇಲೆ ಮೂರು. ತಪ್ಪಿದರೆ ಆಟ ಮುಗೀತು. ಇದನ್ನು ರೂಪಿಸಿದವರಲ್ಲಿ ಒಬ್ಬರಾದ ರಾಲ್ಫ್ ಬೇರ್, ನಾಲ್ಕು ಸ್ವರಗಳನ್ನು ಬ್ಯೂಗಲ್ ಕಹಳೆಯಿಂದ ಆರಿಸಿಕೊಂಡರು. ಯಾವ ಅನುಕ್ರಮದಲ್ಲಿ ಬಂದರೂ ಕಿವಿಗೆ ಕೆಡುಕಾಗಬಾರದು ಅನ್ನೋದು ಅವರ ಲೆಕ್ಕ. ಬಣ್ಣ ಕಾಣದವರೂ ಸ್ವರ ಹಿಡಿದು ಆಡಬಹುದು.

1996ರಲ್ಲಿ ‘ಬಾಪ್ ಇಟ್’ ಬಂತು. ಇದರಲ್ಲಿ ಯಂತ್ರವೇ ಮಾತಾಡಿ ಹುಕುಂ ಕೊಡುತ್ತದೆ: ಬಡಿ, ತಿರುವು, ಎಳಿ. ಹೇಳಿದ ತಕ್ಷಣ ಮಾಡಬೇಕು, ವೇಗ ಏರುತ್ತಾ ಹೋಗುತ್ತದೆ. ನೋಡೋ ಕೆಲಸವೇ ಇಲ್ಲದ್ದರಿಂದ ಅಂಧ ಆಟಗಾರರಿಗೆ ಇದು ಅಚ್ಚುಮೆಚ್ಚಾಯಿತು. ಇದನ್ನೇ ಮಾದರಿಯಾಗಿಟ್ಟುಕೊಂಡು ಕಂಪ್ಯೂಟರ್‌ಗೆ ಆಡಿಯೋ ಗೇಮ್ ಬರೆದವರೂ ಇದ್ದಾರೆ.

ಮೂರನೆಯದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ‘ಸ್ಪೀಕ್ ಅಂಡ್ ಸ್ಪೆಲ್’, ಅದೂ 1978ರದ್ದೇ. ಪದ ಹೇಳಿ, ಸ್ಪೆಲ್ಲಿಂಗ್ ಕೇಳುವ ಆಟಿಗಿ. ಒಂದೇ ಚಿಪ್ಪಿನಲ್ಲಿ ಮನುಷ್ಯನ ದನಿ ತುಂಬಲು ಅದು ಬಳಸಿದ ಲೀನಿಯರ್ ಪ್ರಿಡಿಕ್ಟಿವ್ ಕೋಡಿಂಗ್ ವಿದ್ಯೆಯನ್ನು ಬೆಳೆಸಿದವರಲ್ಲಿ ಪ್ರಮುಖರು ಬಿಷ್ಣು ಅತಲ್. ಬೆಲ್ ಲ್ಯಾಬ್ಸ್‌ಗೆ ಹೋಗುವ ಮೊದಲು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು, ಅಲ್ಲೇ ಪಾಠ ಮಾಡಿದವರು. ಮಾತಾಡುವ ಆಟಿಗಿಯ ಬೇರಿನ ಒಂದು ಎಳೆ ಕರ್ನಾಟಕದಲ್ಲೂ ಇದೆ.

ಇಂದಿನ ಕೊಂಡಿಯೂ ಇದೆ. ಸೈಮನ್, ಬಾಪ್ ಇಟ್ ಎರಡೂ ಹ್ಯಾಸ್ಬ್ರೋ ಕಂಪನಿಯ ಒಡೆತನದವು. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿರುವ ಏಕಸ್ ಕಂಪನಿಯ ಗ್ರಾಹಕರಲ್ಲಿ ಹ್ಯಾಸ್ಬ್ರೋ ಕೂಡ ಒಂದು. ಅಂದರೆ ಜಗತ್ತಿನ ಮಕ್ಕಳಿಗೆ ಆಟಿಗಿ ಮಾಡೋ ಕೆಲಸ ಕಲ್ಯಾಣ ಕರ್ನಾಟಕದ ಬಾಗಿಲಿಗೆ ಬಂದಾಗಿದೆ. ಪ್ಲಾಸ್ಟಿಕ್ ಅಚ್ಚು ಇಲ್ಲಿ ಬೀಳುತ್ತಿದೆ, ಆಟಿಗಿಯೊಳಗಿನ ತಲೆ ಮಾತ್ರ ಇಲ್ಲಿ ತಯಾರಾಗುತ್ತಿಲ್ಲ.

ಕೋಡ್ ಎಷ್ಟು ದೊಡ್ಡದು?

ಗೇಮ್ ಅಂದ ಕೂಡಲೇ ನೂರು ಜನರ ತಂಡ, ಕೋಟಿ ರೂಪಾಯಿ ಬಂಡವಾಳ ಅಂತ ಮನಸ್ಸಿಗೆ ಬರುತ್ತದೆ. ಅದು ಚಿತ್ರದ ಆಟಗಳ ಕಥೆ. ಅಲ್ಲಿ ಖರ್ಚಿನ ಬಹುಪಾಲು ಹೋಗೋದು ಚಿತ್ರ, ಚಲನೆಗೆ. ಚಿತ್ರವನ್ನೇ ತೆಗೆದುಬಿಟ್ಟರೆ ಉಳಿಯೋದು ನಿಯಮ, ಸಮಯ ಮತ್ತು ಸದ್ದು.

ಸೈಮನ್ ಮಾದರಿಯ ಆಟವನ್ನೇ ತೆಗೆದುಕೊಳ್ಳಿ. ನಾಲ್ಕು ಗುಂಡಿಗೆ ನಾಲ್ಕು ಸದ್ದು: ಗುಡಿಯ ಗಂಟೆ, ಹಲಗೆ, ಕುರಿಯ ಕೂಗು, ಬಸ್ಸಿನ ಹಾರ್ನು. ಯಂತ್ರ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಪ್ರತಿ ಸುತ್ತಿಗೂ ಪಟ್ಟಿಗೆ ಒಂದು ಸದ್ದು ಸೇರಿಸುತ್ತದೆ, ನುಡಿಸುತ್ತದೆ, ಮಗು ಒತ್ತಿದ್ದನ್ನು ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಇಷ್ಟೇ. ಕೆಲವು ನೂರು ಸಾಲಿನ ಕೋಡಿನಲ್ಲಿ ಬ್ರೌಸರ್‌ನಲ್ಲೇ ಓಡುವಂತೆ ಮಾಡಬಹುದು. ಕಂಪ್ಯೂಟರ್ ಸೈನ್ಸ್ ಓದುವ ಎರಡನೇ ವರ್ಷದ ವಿದ್ಯಾರ್ಥಿಗೆ ಇದು ಒಂದು ವಾರದ ಕೆಲಸ.

ಆದರೆ ಮಾಡಿದ್ದು ಕಿವಿಗೆ ಸರಿಯಾಗಿ ಒಗ್ಗಬೇಕು. ಅಲ್ಲಿ ಕೆಲವು ಸೂಕ್ಷ್ಮಗಳಿವೆ, ಗೊತ್ತಿಲ್ಲದ ಪ್ರೋಗ್ರಾಮರ್ ಎಡವೋದೂ ಅಲ್ಲೇ.

ಮೊದಲನೆಯದು ಟಾಕ್‌ಬ್ಯಾಕ್. ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಈ ಸೌಲಭ್ಯ ಚಾಲೂ ಇದ್ದಾಗ ಒಮ್ಮೆ ಮುಟ್ಟಿದರೆ ಗುಂಡಿಯ ಹೆಸರು ಕೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ಅದು ಒತ್ತಿದಂತೆ. ವೇಗದ ಆಟಕ್ಕೆ ಇದು ಅಡ್ಡಿ. ಆಟದ ಹೊತ್ತಿನಲ್ಲಿ ಬೆರಳಿನ ಸನ್ನೆ ನೇರ ಆಟಕ್ಕೇ ತಲುಪುವಂತೆ ಬರೆಯಬೇಕು. ಗುಂಡಿಗೆ ಹೆಸರೇ ಕೊಡದಿದ್ದರಂತೂ ಟಾಕ್‌ಬ್ಯಾಕ್ ಬರೀ ‘ಬಟನ್, ಬಟನ್’ ಅನ್ನುತ್ತಾ ಕೂರುತ್ತದೆ.

ಎರಡನೆಯದು ತಡ. ಗುಂಡಿ ಒತ್ತಿದ್ದಕ್ಕೂ ಸದ್ದು ಬರೋದಕ್ಕೂ ನಡುವೆ ತುಸು ಅಂತರವಾದರೂ ತಾಳ ತಪ್ಪುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಈ ತಡ ಎದ್ದು ಕಾಣುತ್ತದೆ, ವೈರಿನ ಇಯರ್‌ಫೋನಿನಲ್ಲಿ ಕಡಿಮೆ.

ಮೂರನೆಯದು ದಿಕ್ಕು. ಬಲಗಡೆಯ ಸದ್ದು ಬಲಗಿವಿಗೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಸಮಯದಷ್ಟು ಮೊದಲು ಮುಟ್ಟುತ್ತದೆ, ತುಸು ಜೋರಾಗಿಯೂ ಕೇಳುತ್ತದೆ. ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತದೆ. ಇಷ್ಟನ್ನು ಕೋಡಿನಲ್ಲಿ ತಂದರೆ ಎಡದಿಂದ ಎತ್ತಿನ ಗಾಡಿ ಬಂದು ಬಲಕ್ಕೆ ಹಾದುಹೋದದ್ದು ಕಣ್ಣಿಗೆ ಕಟ್ಟಿದಂತೆ ಕೇಳುತ್ತದೆ. 2010ರಲ್ಲಿ ಬಂದ ‘ಪಾಪಾ ಸಾಂಗ್ರೆ’ ಅನ್ನೋ ಐಫೋನ್ ಆಟ ಪೂರ್ತಿ ಈ ದಿಕ್ಕಿನ ಆಟದ ಮೇಲೇ ನಿಂತಿತ್ತು. ಅದಕ್ಕೂ ಮೊದಲು, 1997ರಲ್ಲೇ ಜಪಾನಿನಲ್ಲಿ ಕೆಂಜಿ ಎನೊ ಚಿತ್ರವೇ ಇಲ್ಲದ ‘ರಿಯಲ್ ಸೌಂಡ್’ ಅನ್ನೋ ಆಟ ತಂದಿದ್ದರು.

ಇವುಗಳಲ್ಲಿ ಯಾವುದೂ ರಾಕೆಟ್ ವಿದ್ಯೆಯಲ್ಲ. ಆದರೆ ಪರದೆ ನೋಡಿ ಕೆಲಸ ಮಾಡಿ ರೂಢಿಯಾದವರಿಗೆ ತಾನಾಗಿ ಹೊಳೆಯೋದೂ ಇಲ್ಲ.

ಹಳಿ ತಪ್ಪೋದು ಎಲ್ಲಿ?

ಹೊರಗಿನ ಅನುಭವ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಂಧರಿಗೆ ಬೇಕಾದ ಒಳ್ಳೆ ಸಾಫ್ಟ್‌ವೇರ್ ಬರೆದವರಲ್ಲಿ ಬಹಳ ಮಂದಿ ಸ್ವತಃ ಅಂಧರು. ಜಗತ್ತಿನಾದ್ಯಂತ ಪುಕ್ಕಟೆ ಸಿಗುವ, ಕನ್ನಡವನ್ನೂ ಓದುವ ಎನ್‌ವಿಡಿಎ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದವರು ಮೈಕೆಲ್ ಕರನ್. ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣದು. ಆಡಿಯೋ ಗೇಮ್ ಬರೆಯಲೆಂದೇ ಒಂದು ಪರಿಕರ ತಯಾರಿಸಿ ಎಷ್ಟೋ ಹವ್ಯಾಸಿಗಳನ್ನು ಪ್ರೋಗ್ರಾಮರ್ ಮಾಡಿದ ಸ್ವೀಡನ್ನಿನ ಫಿಲಿಪ್ ಬೆನ್ನೆಫಾಲ್ ಕೂಡ ಅಂಧರು. ಅವರು ಪ್ರೋಗ್ರಾಮರ್‌ಗಾಗಿ ಕಾಯಲಿಲ್ಲ, ತಾವೇ ಆದರು.

ಇಲ್ಲಿ ಹಾಗಾಗಲು ಮೊದಲ ಅಡ್ಡಿ ಗಣಿತ. ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ಅಂಧ ಮಕ್ಕಳು ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ಆರಿಸಿಕೊಳ್ಳಲು ಅವಕಾಶ ಇದೆ. ಸಹಾಯ ಆಗಲಿ ಅಂತ ಕೊಟ್ಟ ರಿಯಾಯಿತಿ ಅದು. ಆದರೆ ನಡೆಯುತ್ತಿರುವುದು ಬೇರೆ. ಬ್ರೈಲ್‌ನಲ್ಲಿ ಲೆಕ್ಕ ಹೇಳಿಕೊಡೋ ಮೇಷ್ಟ್ರಿಲ್ಲ, ಮುಟ್ಟಿ ನೋಡುವ ರೇಖಾಚಿತ್ರ ಇಲ್ಲ, ‘ನಿನಗ್ಯಾಕಪ್ಪಾ ಲೆಕ್ಕ, ಬಿಟ್ಟುಬಿಡು’ ಅನ್ನೋ ಮಾತು ಮಾತ್ರ ಎಲ್ಲ ಕಡೆ ಸಿಗುತ್ತದೆ. ಹತ್ತನೇ ಕ್ಲಾಸಿಗೆ ಗಣಿತ ಬಿಟ್ಟ ಮಗು ಪಿಯುಸಿ ವಿಜ್ಞಾನಕ್ಕೆ ಹೋಗೋದಿಲ್ಲ. ಅಲ್ಲಿ ಹೋಗದವರು ಕಂಪ್ಯೂಟರ್ ಎಂಜಿನಿಯರಿಂಗ್ ಮುಟ್ಟೋದಿಲ್ಲ. ಪ್ರೋಗ್ರಾಮರ್ ಸಿಗೋದಿಲ್ಲ ಅನ್ನೋ ಗೋಳಿನ ಮೂಲ ಇದು.

ಈ ಹಾದಿಯನ್ನು ದಾಟಿ ತೋರಿಸಿದ ಕರ್ನಾಟಕದ ಉದಾಹರಣೆಯೂ ಇದೆ. ಬೆಂಗಳೂರು ಹೊರವಲಯದ ಹಳ್ಳಿಯಲ್ಲಿ ಹುಟ್ಟಿದ ವಿದ್ಯಾ ವೈ. ಹುಟ್ಟಿನಿಂದ ಅಂಧರು. ಪಟ್ಟು ಹಿಡಿದು ಗಣಿತ ಓದಿದರು, ಬೆಂಗಳೂರಿನ ಐಐಐಟಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು, ಆಮೇಲೆ ‘ವಿಷನ್ ಎಂಪವರ್’ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು. ಅಂಧ ಮಕ್ಕಳ ಶಾಲೆಗಳಿಗೆ ಗಣಿತ, ವಿಜ್ಞಾನ, ಕಂಪ್ಯೂಟರ್ ವಿಚಾರಶಕ್ತಿ ಕಲಿಸೋದು ಆ ಸಂಸ್ಥೆಯ ಕೆಲಸ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಮನೋಹರ್ ಸ್ವಾಮಿನಾಥನ್ ಅವರ ತಂಡ ಇದೇ ದಿಕ್ಕಿನಲ್ಲಿ, ಆಟವನ್ನೇ ಕಲಿಕೆಯ ದಾರಿ ಮಾಡುವ ಸಂಶೋಧನೆ ನಡೆಸಿದೆ. ಅವರು ಮಕ್ಕಳ ಕೈಗೆ ಕೊಟ್ಟ ವಸ್ತುಗಳಲ್ಲಿ ಒಂದು ‘ಟೊರಿನೊ’. ವೈರಿನಿಂದ ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ತುಂಡುಗಳು, ಜೋಡಿಸಿದ ಕ್ರಮದಲ್ಲಿ ಹಾಡು, ಕತೆ ನುಡಿಯುತ್ತವೆ. ನೋಡಲು ಎಲೆಕ್ಟ್ರಾನಿಕ್ ಆಟಿಗಿ, ಕಲಿಸೋದು ಪ್ರೋಗ್ರಾಮಿಂಗ್. 2019ರಲ್ಲಿ ಇದೇ ‘ಕೋಡ್ ಜಂಪರ್’ ಹೆಸರಿನಲ್ಲಿ ಅಮೆರಿಕದ ಅಂಧರ ಮುದ್ರಣ ಸಂಸ್ಥೆಯ ಮೂಲಕ ಹೊರಬಂತು.

ಅಂದರೆ ಆಟಿಗಿಯಿಂದ ಆಟ, ಆಟದಿಂದ ಕೋಡ್ ಅನ್ನೋ ದಾರಿ ಕಾಗದದ ಮೇಲಿನ ಕನಸಲ್ಲ. ಬೆಂಗಳೂರಿನ ಶಾಲೆಗಳಲ್ಲಿ ಮಾಡಿ ನೋಡಿದ್ದು. ಸುರಪುರದ ತನಕ ಬಂದಿಲ್ಲ, ಅಷ್ಟೇ.

ಜಿಲ್ಲೆಯ ಕೈಯಲ್ಲಿ ಏನಿದೆ?

2011ರ ಜನಗಣತಿಯಲ್ಲಿ ರಾಜ್ಯದಲ್ಲಿ ದೃಷ್ಟಿದೋಷ ಇದ್ದವರು ಸುಮಾರು 2.64 ಲಕ್ಷ. ಅದೇ ಗಣತಿಯಲ್ಲಿ ಯಾದಗಿರಿ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆಯ ಜಿಲ್ಲೆ. ಈ ಎರಡನ್ನೂ ಕೂಡಿಸಿ ನೋಡಿದರೆ ಇಲ್ಲಿನ ಅಂಧ ಮಗುವಿನ ಪಾಡು ಯಾರಾದರೂ ಊಹಿಸಬಹುದು. ಅಕ್ಷರದ ಮೊದಲು ಕಿವಿಯ ದಾರಿ ತೆರೆದುಕೊಟ್ಟರೆ ಅಂಥ ಮಗುವಿಗೆ ಆಗೋ ಲಾಭ ಬೇರೆ ಜಿಲ್ಲೆಗಿಂತ ಇಲ್ಲಿ ಹೆಚ್ಚು.

ದನಿಯ ವಿಚಾರದಲ್ಲಿ ಈ ಭಾಗ ಶ್ರೀಮಂತ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕೊಟ್ಟು ಬದುಕು ಕಟ್ಟಿದರು. ಆ ಪರಂಪರೆಯಲ್ಲಿ ಕಲಿತವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಸ್ವರದ ಸಣ್ಣ ವ್ಯತ್ಯಾಸ ಹಿಡಿಯುವ ಇಂಥ ಕಿವಿಗಳೇ ಆಡಿಯೋ ಗೇಮ್‌ಗೆ ಬೇಕಾದ ಸದ್ದಿನ ವಿನ್ಯಾಸಕರು. ಜೊತೆಗೆ ತತ್ವಪದ ಹಾಡುವವರು, ದೊಡ್ಡಾಟದ ಕಲಾವಿದರು. ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ತಿಂಥಣಿಯ ಜಾತ್ರೆಯೊಂದರಲ್ಲೇ ಹತ್ತು ಆಟಕ್ಕಾಗುವಷ್ಟು ಸದ್ದು ರೆಕಾರ್ಡ್ ಮಾಡಬಹುದು. ಕಂಪ್ಯೂಟರ್ ದನಿಯಲ್ಲಿ ಒಣಗಿದ ಕನ್ನಡ ಕೇಳೋದಕ್ಕಿಂತ, ಊರಿನ ಅಜ್ಜಿಯೊಬ್ಬಳು ‘ತಪ್ಪಾತು, ಇನ್ನೊಮ್ಮೆ ಒತ್ತು’ ಅಂದರೆ ಮಗು ಬಿಡದೆ ಆಡೀತು.

ಕೋಡ್ ಬರೆಯುವ ಕೈಗಳೂ ಪೂರ್ತಿ ಇಲ್ಲವೆಂದಲ್ಲ. ಎಂಜಿನಿಯರಿಂಗ್ ಓದುವ ಪ್ರತಿ ವಿದ್ಯಾರ್ಥಿಯೂ ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಲೇಬೇಕು. ಬಹಳಷ್ಟು ಪ್ರಾಜೆಕ್ಟ್‌ಗಳು ಅಂಕ ಬಂದ ಮರುದಿನ ಕಪಾಟು ಸೇರುತ್ತವೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇಂಥ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯವನ್ನೂ ಕೊಡುತ್ತದೆ. ಕಲಬುರಗಿಯಲ್ಲಿ ಸರ್ಕಾರಿ ಅಂಧ ಬಾಲಕರ ಶಾಲೆ ಇದೆ, ವಿಟಿಯು ಪ್ರಾದೇಶಿಕ ಕೇಂದ್ರವೂ ಇದೆ. ಒಂದೇ ನಗರದ ಈ ಎರಡು ಕಡೆಯವರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಅರ್ಧ ಕೆಲಸ ಆದಂತೆ.

ದುಡ್ಡಿನ ಮಾತೂ ಬರುತ್ತದೆ. ಗ್ರಾಮ ಪಂಚಾಯಿತಿಗಳು ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು, ಯಾವ ಮನೆಯಲ್ಲಿ ಅಂಧ ಮಗು ಇದೆ ಅಂತ ಗೊತ್ತಿರೋದು ಅವರಿಗೇ. ಹೆಡ್‌ಫೋನ್ ಇಟ್ಟುಕೊಂಡು ಆಡಲು ಪಂಚಾಯಿತಿಯ ಅರಿವು ಕೇಂದ್ರ ಇದೆ. ಇನ್ನು 2012ರಲ್ಲೇ ಅನಿಮೇಷನ್-ಗೇಮಿಂಗ್‌ಗೆ ನೀತಿ ಮಾಡಿದ, 2024ರಲ್ಲಿ ಅದನ್ನು ಹೊಸದಾಗಿ ಹೊರತಂದ ರಾಜ್ಯ ಇದು. ಆ ನೀತಿಯ ಫಲ ರಾತ್ರಿ ಬಸ್ಸು ಹತ್ತಿ ಹೋಗಬೇಕಾದ ಬೆಂಗಳೂರಿನಲ್ಲೇ ನಿಲ್ಲಬೇಕೆಂದೇನೂ ಇಲ್ಲ.

ಪ್ರೋಗ್ರಾಮರ್ ಸಿಕ್ಕರೆ ಏನು ಕೊಡಬೇಕು?

‘ಒಂದು ಗೇಮ್ ಮಾಡಿಕೊಡಪ್ಪಾ’ ಅಂದರೆ ಯಾವ ಪ್ರೋಗ್ರಾಮರೂ ಬರೋದಿಲ್ಲ. ಬಂದರೂ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ. ಹಿಡಿದು ನಿಲ್ಲಿಸಲು ಕೆಲವು ಸಿದ್ಧತೆ ಬೇಕು.

ಮೊದಲು ಒಂದೇ ಆಟಿಗಿ, ಒಂದೇ ಪುಟ. ಆಟ ಹೇಗೆ ಶುರು, ಯಾವಾಗ ಗೆಲುವು, ತಪ್ಪಿದರೆ ಏನು ಕೇಳಬೇಕು, ವೇಗ ಹೇಗೆ ಏರಬೇಕು – ಇಷ್ಟನ್ನು ಕನ್ನಡದಲ್ಲೇ ಬರೆದರೆ ಸಾಕು. ಬರೆದದ್ದನ್ನು ಇಬ್ಬರು ಕೂತು ಬಾಯಿಂದಲೇ ಆಡಿ ನೋಡಬೇಕು. ಒಬ್ಬರು ಯಂತ್ರ, ಒಬ್ಬರು ಮಗು. ಬಾಯಿಂದ ಆಡಿದಾಗ ಬೇಸರ ಬಂದರೆ ಕೋಡ್ ಬರೆದರೂ ಬೇಸರವೇ.

ಎರಡನೆಯದಾಗಿ, ಸದ್ದುಗಳನ್ನು ಮೊದಲೇ ರೆಕಾರ್ಡ್ ಮಾಡಿ, ಹೆಸರು ಬರೆದು ಕೊಡಬೇಕು. ಇಲ್ಲಿ ಕಾನೂನಿನ ಎಚ್ಚರವೂ ಬೇಕು. ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ. ಆದರೆ ಆಟಿಗಿಯ ಹೆಸರು, ಅದರ ಧ್ವನಿಮುದ್ರಣ ಕಂಪನಿಯ ಸ್ವತ್ತು. ಸಿನಿಮಾ ಹಾಡೂ ಹಾಗೇ. ಸ್ವಂತ ಹೆಸರು, ಸ್ವಂತ ಸದ್ದು ಇದ್ದರೆ ತಂಟೆ ಇಲ್ಲ.

ಮೂರನೆಯದಾಗಿ, ಆಡಿ ನೋಡುವವರು ಮೊದಲ ದಿನದಿಂದಲೇ ಇರಬೇಕು. ಆಟ ಮುಗಿದ ಮೇಲೆ ಅಂಧ ಮಕ್ಕಳಿಗೆ ತೋರಿಸೋದಲ್ಲ, ಅವರ ಜೊತೆ ಕೂತು ಕಟ್ಟೋದು. ಕಣ್ಣು ಕಾಣುವ ಪ್ರೋಗ್ರಾಮರ್ ಟಾಕ್‌ಬ್ಯಾಕ್ ಚಾಲೂ ಮಾಡಿ, ಪರದೆ ಕತ್ತಲು ಮಾಡಿ, ತಾನೇ ಹತ್ತು ನಿಮಿಷ ಆಡಿದರೆ ಅರ್ಧ ತಪ್ಪು ಅವರಿಗೇ ಸಿಗುತ್ತದೆ.

ಕೊನೆಯದಾಗಿ, ಪುಕ್ಕಟೆ ದುಡಿಸಬಾರದು. ಅಂಧ ಮಕ್ಕಳ ಕೆಲಸ ಅಂದರೆ ಸೇವೆ, ಸೇವೆ ಅಂದರೆ ಪುಕ್ಕಟೆ ಅನ್ನೋ ರೂಢಿಯೇ ಎಷ್ಟೋ ಒಳ್ಳೆ ಕೆಲಸಗಳನ್ನು ನಡುವೆ ನಿಲ್ಲಿಸಿದೆ. ಸಣ್ಣದಾದರೂ ಸಂಭಾವನೆ, ಆಟದ ಮೇಲೆ ಹೆಸರು, ಕೋಡ್ ಯಾರದ್ದು ಅನ್ನೋ ಬಗ್ಗೆ ಮೊದಲೇ ಲಿಖಿತ ಒಪ್ಪಂದ ಇರಲಿ. ಕೋಡನ್ನು ಎಲ್ಲರಿಗೂ ತೆರೆದಿಟ್ಟರೆ ಇನ್ನೂ ಒಳ್ಳೇದು. ಒಬ್ಬರು ಬಿಟ್ಟು ಹೋದರೂ ಇನ್ನೊಬ್ಬರು ಮುಂದುವರಿಸುತ್ತಾರೆ.

ತುರ್ತು ಯಾವುದು, ದೂರದ್ದು ಯಾವುದು

ಒಂದು ಆಟ ಬರೆಯಲು ಕಾಲೇಜಿನ ಒಬ್ಬ ಹುಡುಗ, ಒಬ್ಬ ಹುಡುಗಿ ಸಾಕು. ಮುಂದಿನ ಜಾತ್ರೆಯೊಳಗೆ ಅದು ಆಗೋ ಮಾತು. ಆದರೆ ಅಷ್ಟಕ್ಕೇ ನಿಂತರೆ ಎರಡನೇ ಆಟಕ್ಕೆ ಮತ್ತೆ ಹುಡುಕಾಟ, ಮತ್ತೆ ಯಾರದೋ ದಯೆಗೆ ಕಾಯೋದು. ಶಿಕ್ಷಣ ಇಲಾಖೆ ಎಂಟನೇ ಕ್ಲಾಸಿನ ಅಂಧ ಮಗುವಿಗೆ ಗಣಿತ ಬಿಡಿಸುವ ಬದಲು ಗಣಿತ ಕಲಿಸುವ ವ್ಯವಸ್ಥೆ ಮಾಡಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ ಅಂಧ ವಿದ್ಯಾರ್ಥಿಗಳಿಗೆ ಸರ್ಕಾರ ಟಾಕಿಂಗ್ ಲ್ಯಾಪ್‌ಟಾಪ್ ಕೊಡುತ್ತದೆ. ಆ ಲ್ಯಾಪ್‌ಟಾಪ್ ಬರೀ ನೋಟ್ಸ್ ಓದಿಸುವ ಡಬ್ಬಿಯಾಗಿ ಉಳಿಯಬೇಕೋ, ಕೋಡ್ ಬರೆಯುವ ಸಾಧನ ಆಗಬೇಕೋ ಅನ್ನೋದು ಅದಕ್ಕಿಂತ ಎರಡು-ಮೂರು ವರ್ಷ ಮೊದಲು, ಗಣಿತದ ಕ್ಲಾಸಿನಲ್ಲಿ ತೀರ್ಮಾನವಾಗಿಬಿಡುತ್ತದೆ.

ಚೆಂಡಿನೊಳಗೆ ನಾಲ್ಕು ಗುಂಡು ಹಾಕಿದ್ದಕ್ಕೆ ವಿಶ್ವಕಪ್ ಬಂತು. ಲೆಕ್ಕದ ಪುಸ್ತಕವನ್ನು ಬೆರಳಿಗೆ, ಕಿವಿಗೆ ಸಿಗುವಂತೆ ಮಾಡಿದರೆ ತಿಂಥಣಿಗೆ ಬೇಕಾದ ಪ್ರೋಗ್ರಾಮರ್ ಹೊರಗಿನಿಂದ ಬರಬೇಕಿಲ್ಲ. ಇವತ್ತು ಜಾತ್ರೆಯ ಆಟಿಗಿಯನ್ನು ಕಿವಿಗಿಟ್ಟುಕೊಂಡು, ಈ ಸದ್ದು ಒಳಗಿಂದ ಹೆಂಗ ಬರ್ತದ ಅಂತ ಕೇಳುತ್ತಿರುವ ಮಗುವೇ ಆ ಪ್ರೋಗ್ರಾಮರ್ ಆದೀತು.